ಬಿಳಿ ಕುದುರೆಯ ಬಾಲ ಹಳದಿಯಾಗುವುದೇಕೆ, ಅದನ್ನು ತೊಳೆಯುವುದು ಹೇಗೆ?

ದಸರಾ ಹತ್ತಿರ ಬಂತೆಂದರೆ ಬಿಳಿ ಕುದುರೆಗೆ ಬೇಡಿಕೆ ಶುರು. ಮೊದಲು ಮೆರವಣಿಗೆ, ಆಮೇಲೆ ಮದುವೆಯ ದಿಬ್ಬಣ. ಮೈಯೇನೋ ಬೆಳ್ಳಗೆ ಹೊಳೆಯುತ್ತಿರುತ್ತದೆ. ಬಾಲ ನೋಡಿದರೆ ಹಳದಿ, ಅಲ್ಲಲ್ಲಿ ಕಂದು. ಬಾಡಿಗೆಗೆ ಕೇಳಲು ಬಂದವರು "ಬಾಲ ಸ್ವಲ್ಪ ಬೆಳ್ಳಗೆ ಮಾಡಿಸಿ" ಅನ್ನುತ್ತಾರೆ. ಹೆಚ್ಚು ದಿನ ಉಳಿದಿರುವುದಿಲ್ಲ. ಆಗ ಕೈ ಹೋಗುವುದು ಬಟ್ಟೆ ಒಗೆಯುವ ಪುಡಿಯ ಕಡೆಗೆ, ಇಲ್ಲವೇ ಬ್ಲೀಚ್ ಬಾಟಲಿಯ ಕಡೆಗೆ. ತೊಂದರೆ ಶುರುವಾಗುವುದು ಅಲ್ಲೇ.

ಬೆಂಗಳೂರಿನ ಸುತ್ತ ಕುದುರೆ ಸವಾರಿ ಕಲಿಸುವ ಜಾಗಗಳೂ ಈಗ ಇವೆ. ಲಾಯದ ಗಂಧಗಾಳಿ ಇಲ್ಲದ ಮನೆಯ ಮಕ್ಕಳು ಕುದುರೆ ಮಾಲೀಸು ಮಾಡುವುದನ್ನು ಕಲಿಯುತ್ತಿದ್ದಾರೆ. ಅವರಿಗೂ, ಟಾಂಗಾ ಮತ್ತು ದಿಬ್ಬಣದ ಕುದುರೆ ಇಟ್ಟುಕೊಂಡವರಿಗೂ ಉಪಯೋಗ ಆಗಲಿ ಅಂತ ಈ ವಿಷಯವನ್ನು ಬುಡದಿಂದ ಹೇಳುತ್ತೇನೆ.

ಬಿಳಿ ಕೂದಲನ್ನು ಹೊಸದಾಗಿ ಬಿಳಿ ಮಾಡಬೇಕಾಗಿಲ್ಲ. ಅದು ಬೆಳ್ಳಗೇ ಇದೆ. ಅದರ ಮೇಲೆ ಕೂತದ್ದನ್ನು ತೆಗೆದರೆ ಸಾಕು. ಏನು ಕೂತಿದೆ ಅಂತ ಗೊತ್ತಾದರೆ, ಹೇಗೆ ತೆಗೆಯಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ಬಿಳಿ ಕುದುರೆಗಳಲ್ಲೂ ಬಗೆ ಇದೆ

ನಾವು ಬಿಳಿ ಅನ್ನುವ ಕುದುರೆಗಳಲ್ಲಿ ಹೆಚ್ಚಿನವು ಹುಟ್ಟುವಾಗ ಬಿಳಿ ಇರುವುದಿಲ್ಲ. ಮರಿ ಕಪ್ಪಾಗಿಯೋ ಕಂದಾಗಿಯೋ ಹುಟ್ಟುತ್ತದೆ. ವರ್ಷ ಕಳೆದ ಹಾಗೆ ಕೂದಲಿನ ಬಣ್ಣ ಕಡಿಮೆಯಾಗುತ್ತಾ ಬೂದು ಬಣ್ಣಕ್ಕೆ ತಿರುಗುತ್ತದೆ. 6ರಿಂದ 8 ವರ್ಷದ ಹೊತ್ತಿಗೆ ಬಹುಪಾಲು ಬಿಳಿಯಾಗಿಬಿಡುತ್ತದೆ. ಕುದುರೆ ಸಾಕುವವರು ಇವನ್ನು ಗ್ರೇ ಅನ್ನುತ್ತಾರೆ. ಗುರುತು ಹಿಡಿಯುವುದು ಸುಲಭ. ಕೂದಲು ಬಿಳಿ, ಚರ್ಮ ಮಾತ್ರ ಕಪ್ಪು. ಮೂತಿ ಮತ್ತು ಕಣ್ಣಿನ ಸುತ್ತ ನೋಡಿದರೆ ತಿಳಿಯುತ್ತದೆ. ಆಸ್ಟ್ರಿಯಾದ ವಿಯೆನ್ನಾದಲ್ಲಿರುವ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನ ಹೆಸರಾಂತ ಲಿಪಿಜಾನರ್ ಕುದುರೆಗಳೂ ಹೀಗೆಯೇ. ಅವುಗಳ ಮರಿಗಳನ್ನು ನೋಡಿದರೆ ಮುಂದೆ ಇಷ್ಟು ಬಿಳಿಯಾಗುತ್ತವೆ ಅಂತ ನಂಬುವುದೇ ಕಷ್ಟ.

ಇದಕ್ಕೆ ಕಾರಣ ಸಿಕ್ಕಿದ್ದು 2008ರಲ್ಲಿ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಲೀಫ್ ಆಂಡರ್ಸನ್ ಅವರ ತಂಡ ಅದನ್ನು ಕಂಡುಹಿಡಿಯಿತು. ಎಸ್‌ಟಿಎಕ್ಸ್17 ಅನ್ನುವ ಜೀನ್‌ನ, ಅಂದರೆ ವಂಶವಾಹಿಯ, ಒಂದು ತುಣುಕು ಒಂದರ ಬದಲು ಎರಡು ಸಲ ಬಂದಿದ್ದರೆ ಕುದುರೆ ಗ್ರೇ ಆಗುತ್ತದೆ. ಈ ಬದಲಾವಣೆ ಸಾವಿರಾರು ವರ್ಷ ಹಿಂದೆ ಬದುಕಿದ್ದ ಒಂದೇ ಒಂದು ಕುದುರೆಯಿಂದ ಹಬ್ಬಿದೆ ಅನ್ನುವುದು ಅವರ ತೀರ್ಮಾನ. ಈ ಜೀನ್‌ಗೂ ಬಾಲ ತೊಳೆಯುವ ಕೆಲಸಕ್ಕೂ ಒಂದು ಮುಖ್ಯವಾದ ನಂಟಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಹುಟ್ಟುವಾಗಲೇ ಬಿಳಿ ಇರುವ ಕುದುರೆಗಳೂ ಇವೆ. ಪಂಜಾಬಿನ ಕಡೆ ಇವನ್ನು ನುಕ್ರಾ ಅನ್ನುತ್ತಾರೆ. ಮದುವೆಗೆ ಇವುಗಳಿಗೆ ಬಹಳ ಬೆಲೆ. ಇವುಗಳ ಚರ್ಮ ಗುಲಾಬಿ ಬಣ್ಣದ್ದು. ಬಿಸಿಲನ್ನು ತಡೆಯುವ ಕಪ್ಪು ಬಣ್ಣ ಚರ್ಮದಲ್ಲಿ ಇಲ್ಲದ ಕಾರಣ ಇವಕ್ಕೆ ಬೇಗ ಬಿಸಿಲು ಸುಡುತ್ತದೆ. ಸೋಪು, ನಿಂಬೆ, ಔಷಧ ಯಾವುದೇ ಇರಲಿ, ಗ್ರೇ ಕುದುರೆಗಿಂತ ಇವುಗಳ ವಿಷಯದಲ್ಲಿ ಎಚ್ಚರ ಜಾಸ್ತಿ ಬೇಕು.

ಇನ್ನು ಚಿನ್ನದ ಬಣ್ಣದ ಮೈಗೆ ತಿಳಿ ಬಣ್ಣದ ಜೂಲು ಇರುವ ಪಾಲೊಮಿನೊ ಕುದುರೆಗಳು, ಯುರೋಪಿನ ಟಿರೋಲ್ ಬೆಟ್ಟಗಳ ಕಡೆಯ ಹಾಫ್ಲಿಂಗರ್ ತಳಿ. ಜೂಲು ಅಂದರೆ ಕತ್ತಿನ ಮೇಲಿನ ಉದ್ದ ಕೂದಲು. ಹಾಫ್ಲಿಂಗರ್‌ನಂಥ ಕುದುರೆಯ ಜೂಲಿನಲ್ಲಿ ಹುಟ್ಟಿನಿಂದಲೇ ಒಂಚೂರು ಕೆನೆ ಬಣ್ಣ ಇರಬಹುದು. ಅದು ಕೊಳೆ ಅಲ್ಲ. ಎಷ್ಟು ತೊಳೆದರೂ ಹೋಗುವುದಿಲ್ಲ, ಹೋಗಲೂಬಾರದು. ಜೂಲಿನ ಬುಡದಲ್ಲಿ ಹೊಸದಾಗಿ ಬೆಳೆದ ಕೂದಲನ್ನು ಬಿಡಿಸಿ ನೋಡಿ. ಅಲ್ಲಿ ಕಾಣುವುದೇ ನಿಮ್ಮ ಕುದುರೆಯ ನಿಜವಾದ ಬಣ್ಣ. ಅದಕ್ಕಿಂತ ಬಿಳಿ ಮಾಡಲು ಹೊರಡಬೇಡಿ.

ಕೂದಲಿನ ಒಳಗೆ ಏನಿದೆ?

ಕುದುರೆಯ ಕೂದಲು ನಮ್ಮ ಕೂದಲಿನ ಹಾಗೆಯೇ ಕೆರಾಟಿನ್ ಅನ್ನುವ ಪ್ರೋಟೀನಿನಿಂದ ಆದದ್ದು. ಹೊರಮೈಯಲ್ಲಿ ತೀರಾ ತೆಳುವಾದ ಪದರಗಳು ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತವೆ. ಇದು ಕ್ಯೂಟಿಕಲ್. ಈ ಪದರಗಳು ಚಪ್ಪಟೆಯಾಗಿ ಮುಚ್ಚಿಕೊಂಡಿದ್ದರೆ ಕೂದಲು ನುಣುಪಾಗಿರುತ್ತದೆ, ಕೊಳೆ ಒಳಗೆ ಇಳಿಯುವುದಿಲ್ಲ. ಅಂಚು ಎದ್ದು ನಿಂತರೆ ಕೂದಲು ಒರಟಾಗುತ್ತದೆ, ಕಲೆ ಒಳಗೆ ಸೇರುತ್ತದೆ. ಸೋಡಾದಂಥ ಕ್ಷಾರದ ವಸ್ತುಗಳು ಅಂಚನ್ನು ಎಬ್ಬಿಸುತ್ತವೆ. ತೀರಾ ಸಣ್ಣ ಪ್ರಮಾಣದ ಹುಳಿ ಅದನ್ನು ಮತ್ತೆ ಕೂರಿಸುತ್ತದೆ.

ಕೂದಲಿಗೆ ಬಣ್ಣ ಕೊಡುವುದು ಒಳಗಿನ ಮೆಲನಿನ್. ಪೂರ್ತಿ ಬಿಳಿಯಾದ ಕೂದಲಿನಲ್ಲಿ ಮೆಲನಿನ್ ಇರುವುದಿಲ್ಲ. ಈ ಒಂದು ಮಾತು ನೆನಪಿರಲಿ, ಬ್ಲೀಚ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇನ್ನೊಂದು ವಿಷಯ. ಬಾಲದ ಕೂದಲು ತಿಂಗಳಿಗೆ ಹೆಚ್ಚೆಂದರೆ ಒಂದಂಗುಲ ಬೆಳೆಯುತ್ತದೆ. ನೆಲ ಮುಟ್ಟುವ ಬಾಲದ ತುದಿಯ ಕೂದಲು ಹುಟ್ಟಿ ವರ್ಷಗಳೇ ಆಗಿರುತ್ತವೆ. ಒಂದು ಸಲ ಸುಟ್ಟು ತುಂಡಾದರೆ ಮತ್ತೆ ಅಷ್ಟುದ್ದ ಬರಲು ಅಷ್ಟೇ ವರ್ಷ ಬೇಕು.

ಹಳದಿ ಬರುವುದು ಎಲ್ಲಿಂದ?

ಮೊದಲ ಕಾರಣ ಮೂತ್ರ. ಕುದುರೆ ದಿನಕ್ಕೆ ಸುಮಾರು 5ರಿಂದ 15 ಲೀಟರ್ ಮೂತ್ರ ಮಾಡುತ್ತದೆ. ಅದು ಸಾಮಾನ್ಯವಾಗಿ ಕ್ಷಾರದ ಗುಣದ್ದು. ಕ್ಯಾಲ್ಸಿಯಂ ಕಾರ್ಬೊನೇಟ್ ಕಣಗಳು ಇರುವುದರಿಂದ ನೋಡಲು ಮಸುಕಾಗಿರುತ್ತದೆ. ಅದರಲ್ಲಿರುವ ಕೆಲವು ವಸ್ತುಗಳು ಗಾಳಿ ತಾಗಿದ ಮೇಲೆ ಕಿತ್ತಳೆ, ಕಂದು ಬಣ್ಣಕ್ಕೆ ತಿರುಗುತ್ತವೆ. ಹೊಸದಾಗಿ ಬಿದ್ದ ಮೂತ್ರ ತಿಳಿಯಾಗಿ ಕಂಡರೂ ಬಾಲದ ಮೇಲೆ ಒಣಗಿದ ಮೇಲೆ ಕಲೆ ಗಾಢವಾಗುವುದು ಇದೇ ಕಾರಣಕ್ಕೆ. ಅದರ ಯೂರಿಯಾ ಕೊಳೆತು ಅಮೋನಿಯಾ ಆಗುತ್ತದೆ. ಲಾಯಕ್ಕೆ ಬೆಳಿಗ್ಗೆ ಕಾಲಿಟ್ಟಾಗ ಮೂಗಿಗೆ ಹೊಡೆಯುವ ವಾಸನೆ ಅದೇ. ಅಮೋನಿಯಾ ಕೂಡ ಕ್ಷಾರವೇ. ಅದು ಕೂದಲಿನ ಪದರದ ಅಂಚನ್ನು ಎಬ್ಬಿಸುತ್ತದೆ, ಆ ಸಂದಿಯಲ್ಲಿ ಕಲೆ ಒಳಗಿಳಿಯುತ್ತದೆ.

ಕಲೆ ಎಲ್ಲಿದೆ ಅನ್ನುವುದರಿಂದಲೇ ಕಾರಣ ತಿಳಿಯಬಹುದು. ಹೆಣ್ಣು ಕುದುರೆಯಲ್ಲಿ ಬಾಲದ ಒಳಭಾಗದ ಕೂದಲಿಗೆ ನೇರವಾಗಿ ಮೂತ್ರ ಸಿಡಿಯುತ್ತದೆ. ಗಂಡು ಕುದುರೆಯಲ್ಲಿ ಬಾಲದ ತುದಿ, ಹಿಂಗಾಲಿನ ಮಂಡಿ ಹಳದಿಯಾಗಿದ್ದರೆ ಅದು ಒದ್ದೆ ಜಾಗದಲ್ಲಿ ಮಲಗಿದ್ದರ ಗುರುತು. ಅಂದರೆ ತೊಳೆಯಬೇಕಾದದ್ದು ಬಾಲದ ಜೊತೆಗೆ ಲಾಯವನ್ನೂ.

ಲದ್ದಿಯ ಕಲೆ ಬೇರೆ. ಹಸಿರು ಮೇವು ತಿಂದ ಕುದುರೆಯ ಲದ್ದಿ ಹಸಿರು ಕಂದು ಕಲೆ ಬಿಡುತ್ತದೆ. ಹಸಿಯಾಗಿರುವಾಗ ತೊಳೆದರೆ ಸುಲಭವಾಗಿ ಹೋಗುತ್ತದೆ, ಒಣಗಿ ಎರಡು ದಿನ ಆದರೆ ಹಟ ಮಾಡುತ್ತದೆ. ನಮ್ಮ ಹಳೇ ಮೈಸೂರು ಕಡೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಇದೆ. ಮಣ್ಣಿಗೆ ಆ ಕೆಂಪು ಬಂದದ್ದೇ ಅದರಿಂದ. ಬೆವರಿದ ಕುದುರೆ ಮಣ್ಣಿನಲ್ಲಿ ಹೊರಳಿದರೆ ಆ ನುಣ್ಣನೆ ಪುಡಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಹೊಳಪು ಬರಲಿ ಅಂತ ಮೊದಲೇ ಕೊಬ್ಬರಿ ಎಣ್ಣೆ ಸವರಿದ್ದರೆ ಮುಗಿಯಿತು, ದಾರಿಯ ಧೂಳೆಲ್ಲ ಅಲ್ಲೇ ನಿಲ್ಲುತ್ತದೆ.

ಜನ ಹೆಚ್ಚು ಗಮನ ಕೊಡದ ಕಾರಣ ನೀರು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಳದ ಬೋರ್‌ವೆಲ್‌ಗಳಲ್ಲಿ ಗಡಸು ನೀರು ಸಾಮಾನ್ಯ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬೂದಿಯಂಥ ಪದರವಾಗಿ ಕೂದಲಿನ ಮೇಲೆ ಉಳಿಯುತ್ತದೆ. ನೀರಿನಲ್ಲಿ ಕಬ್ಬಿಣ ಇದ್ದರೆ ಹಳದಿ ಕೆಂಪು ಛಾಯೆಯೂ ಬರುತ್ತದೆ. ವಾರಕ್ಕೊಮ್ಮೆ ತೊಳೆದರೂ ಬಾಲ ಮಂಕಾಗುತ್ತಲೇ ಹೋಗುತ್ತಿದ್ದರೆ ಮೊದಲು ನೀರನ್ನು ಅನುಮಾನಿಸಿ. ಬಿಸಿಲಿನಿಂದಲೂ ಒಂದಿಷ್ಟು ಹಳದಿ ಬರುತ್ತದೆ. ಕೆರಾಟಿನ್ನೇ ಬಿಸಿಲಿಗೆ ಕೆಟ್ಟು ಹಳದಿಯಾಗುವುದು ಅದು. ತೊಳೆದರೆ ಹೋಗುವುದಿಲ್ಲ.

ಬ್ಲೀಚ್ ಯಾಕೆ ಬೇಡವೇ ಬೇಡ

ಮನೆಗಳಲ್ಲಿ ಬಳಸುವ ಬ್ಲೀಚ್ ದ್ರಾವಣದಲ್ಲಿ ಇರುವುದು ಸೋಡಿಯಂ ಹೈಪೊಕ್ಲೋರೈಟ್. ಹತ್ತಿ ಬಟ್ಟೆ ಅದನ್ನು ತಡೆದುಕೊಳ್ಳುತ್ತದೆ. ಕೆರಾಟಿನ್ ತಡೆದುಕೊಳ್ಳುವುದಿಲ್ಲ. ಉಣ್ಣೆಯೂ ಕೆರಾಟಿನ್ನೇ. ಹಾಗಾಗಿಯೇ ಉಣ್ಣೆ ಬಟ್ಟೆಗೆ ಬ್ಲೀಚ್ ಹಾಕಬೇಡಿ ಅಂತ ಪಟ್ಟಿ ಅಂಟಿಸಿರುತ್ತಾರೆ. ಹೈಪೊಕ್ಲೋರೈಟ್ ಕೂದಲನ್ನು ಕರಗಿಸುತ್ತದೆ, ಉಳಿದದ್ದನ್ನು ಇನ್ನಷ್ಟು ಹಳದಿ ಮಾಡುತ್ತದೆ. ಬೆಳ್ಳಗಾಗಲಿ ಅಂತ ಹಾಕಿದ್ದು ಹಳದಿ ಮಾಡಿ ಹೋಗುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಗಾಳಿಯಲ್ಲಿದೆ. ಬಾಲದಲ್ಲಿ ಮೂತ್ರ ಇದೆ, ಲಾಯದಲ್ಲಿ ಅಮೋನಿಯಾ ಇದೆ. ಬ್ಲೀಚ್ ಮತ್ತು ಅಮೋನಿಯಾ ಸೇರಿದರೆ ಕ್ಲೋರಮಿನ್ ಅನ್ನುವ ವಿಷದ ಗಾಳಿ ಏಳುತ್ತದೆ. ಅದು ಕುದುರೆಯ ಕಣ್ಣು, ಶ್ವಾಸಕೋಶಕ್ಕೆ ಹೇಗೋ ನಿಮಗೂ ಹಾಗೆಯೇ. ಬ್ಲೀಚಿನ ಜೊತೆ ವಿನೆಗರ್ ಸೇರಿದರೆ ಕ್ಲೋರಿನ್ ಗಾಳಿ ಬರುತ್ತದೆ. ಬಾಲದ ಒಳಭಾಗದ ಚರ್ಮದಲ್ಲಿ ಕೂದಲೇ ಇಲ್ಲ, ತೀರಾ ಮೃದು. ಅಲ್ಲಿ ಬ್ಲೀಚ್ ಇಳಿದರೆ ಸುಟ್ಟ ಗಾಯ ಆಗುತ್ತದೆ. ಕುದುರೆ ಒದೆಯದೆ ಇನ್ನೇನು ಮಾಡೀತು?

ಪಾರ್ಲರ್‌ಗಳಲ್ಲಿ ತಲೆಗೂದಲಿಗೆ ಹಾಕುವ ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಸೌಮ್ಯ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅದರ ಕೆಲಸ ಮೆಲನಿನ್ನನ್ನು ಒಡೆಯುವುದು. ಬಿಳಿ ಕೂದಲಿನಲ್ಲಿ ಮೆಲನಿನ್ನೇ ಇಲ್ಲ ಅಂದ ಮೇಲೆ ಅದಕ್ಕೆ ಅಲ್ಲಿ ದೊಡ್ಡ ಕೆಲಸವಿಲ್ಲ. ಕೂದಲಿನ ಪದರವನ್ನು ಒಡೆದು ಅದನ್ನು ಹೀರುವ ಗುಣದ್ದು ಮಾಡಿ ಹೋಗುತ್ತದೆ. ಮುಂದಿನ ವಾರದ ಮೂತ್ರದ ಕಲೆ ಇನ್ನೂ ಆಳಕ್ಕೆ ಇಳಿಯುತ್ತದೆ.

ಬಟ್ಟೆ ಒಗೆಯುವ ಪುಡಿಯ ಕಥೆಯೂ ದೂರದ್ದಲ್ಲ. ಅದು ಜೋರು ಕ್ಷಾರ. ಅದರಲ್ಲಿ ಬಿಳಿ ಹೊಳಪಿನ ರಾಸಾಯನಿಕವೂ ಇರುತ್ತದೆ. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ನೀಲಿ ಬೆಳಕು ಬಿಡುವುದು ಅದರ ಕೆಲಸ. ಮೊದಲ ಸಲ ತೊಳೆದಾಗ ಬಾಲ ಬೆಳ್ಳಗೆ ಕಾಣಬಹುದು. ಆದರೆ ಚರ್ಮದ ಎಣ್ಣೆ ಪೂರ್ತಿ ಹೋಗಿ ತುರಿಕೆ, ಹೊಟ್ಟು ಶುರುವಾಗುತ್ತದೆ. ಸುಣ್ಣದ ನೀರು ಬಳಿಯುವ ಯೋಚನೆ ಇದ್ದರೆ ಅದನ್ನೂ ಬಿಟ್ಟುಬಿಡಿ. ಸುಣ್ಣ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಹೋದರೆ ದೃಷ್ಟಿಗೇ ಕುತ್ತು.

ನೇರಳೆ ಶಾಂಪೂ ಹೇಗೆ ಕೆಲಸ ಮಾಡುತ್ತದೆ?

ಬಿಳಿ ಪಂಚೆಗೆ ನೀಲಿ ಹಾಕುವುದನ್ನು ನೋಡಿಯೇ ಇರುತ್ತೀರಿ. ಒಗೆದು ಒಗೆದು ಹಳದಿಯಾದ ಪಂಚೆಯನ್ನು ಎರಡು ಹನಿ ನೀಲಿ ಬೆರೆಸಿದ ನೀರಿನಲ್ಲಿ ಅದ್ದಿದರೆ ಮತ್ತೆ ಬೆಳ್ಳಗೆ ಕಾಣುತ್ತದೆ. ಹಳದಿ ಎಲ್ಲೂ ಹೋಗಿರುವುದಿಲ್ಲ. ಹಳದಿಯ ಎದುರಿನ ಬಣ್ಣ ನೀಲಿ ನೇರಳೆ. ಎರಡೂ ಸೇರಿದಾಗ ಒಂದನ್ನೊಂದು ಅಡಗಿಸಿ ಕಣ್ಣಿಗೆ ಬಿಳಿಯಾಗಿ ಕಾಣುತ್ತವೆ. ಬಿಳಿ ಕುದುರೆಗೆ ಮಾರುವ ನೇರಳೆ ಶಾಂಪೂವಿನ ಗುಟ್ಟು ಪೂರ್ತಿ ಇಷ್ಟೇ.

ಹಾಗಾಗಿ ಕೊಳೆ ಇರುವ ಬಾಲಕ್ಕೆ ನೇರವಾಗಿ ನೇರಳೆ ಶಾಂಪೂ ಹಾಕಿದರೆ ಪ್ರಯೋಜನ ಇಲ್ಲ. ಬಣ್ಣ ಕೊಳೆಯ ಮೇಲೆ ಕೂತು, ಕೊಳೆಯ ಜೊತೆಗೇ ಹೋಗುತ್ತದೆ. ಮೊದಲು ಸಾದಾ ಶಾಂಪೂ, ಆಮೇಲೆ ನೇರಳೆ. ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ಬಿಳಿ ಅನ್ನುವುದೂ ತಪ್ಪು. ಬಾಟಲಿಯ ಮೇಲೆ 5 ನಿಮಿಷ ಅಂತ ಇದ್ದರೆ 5 ನಿಮಿಷವೇ. ಜಾಸ್ತಿ ಬಿಟ್ಟರೆ ಬಾಲ ನೇರಳೆ ಛಾಯೆಗೆ ತಿರುಗುತ್ತದೆ, ಅದರಲ್ಲೂ ಮೊದಲೇ ಒರಟಾದ ಕೂದಲು ಬಣ್ಣವನ್ನು ಬೇಗ ಹೀರುತ್ತದೆ. ಎರಡು ಮೂರು ವಾರಕ್ಕೊಮ್ಮೆ ಹಾಕಿದರೆ ಧಾರಾಳ. ಕೆನೆ ಬಣ್ಣದ ಜೂಲಿನ ಕುದುರೆಗೆ ಇದು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆ ಚೆಂದದ ಬಣ್ಣ ಸುಮ್ನೆ ಬೂದಿಯಾಗುತ್ತದೆ.

ಬಟ್ಟೆಯ ನೀಲಿಯನ್ನೇ ಬಾಲಕ್ಕೆ ಹಾಕಿದರೆ ಆಗದೇ? ಅದನ್ನು ಪ್ರಾಣಿಯ ಚರ್ಮಕ್ಕಾಗಿ ಮಾಡಿಲ್ಲ. ಜೊತೆಗೆ ಕೂದಲಿನ ಮೇಲೆ ಪಟ್ಟೆ ಪಟ್ಟೆಯಾಗಿ ಕೂರುತ್ತದೆ. ಕುದುರೆಗೆಂದೇ ತಯಾರಿಸಿದ ಶಾಂಪೂ ಸವಾರಿ ಸಾಮಾನು ಮಾರುವವರ ಬಳಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಮನುಷ್ಯರ ಚರ್ಮ ಸ್ವಲ್ಪ ಹುಳಿ ಗುಣದ್ದು, ಪಿಎಚ್ (ಹುಳಿ, ಕ್ಷಾರದ ಅಳತೆ) 5.5ರ ಹತ್ತಿರ. ಕುದುರೆಯದ್ದು 7ರ ಆಸುಪಾಸು. ಹಾಗಾಗಿ ನಮ್ಮ ಶಾಂಪೂ ಅದಕ್ಕೆ ಸರಿಯಾಗಿ ಹೊಂದುವುದಿಲ್ಲ. ಬೇರೆ ದಾರಿ ಇಲ್ಲದಾಗ ಸೌಮ್ಯವಾದದ್ದನ್ನು ಚರ್ಮಕ್ಕೆ ತಾಗಿಸದೆ ಬಾಲದ ಎಳೆಗಳಿಗೆ ಮಾತ್ರ ಬಳಸಬಹುದು.

ತೊಳೆಯುವ ಕ್ರಮ

ಹೊಸ ಶಾಂಪೂ ಯಾವುದೇ ಇರಲಿ, ಮೊದಲು ಜೂಲಿನ ಕೆಳಗಿನ ಚರ್ಮದಲ್ಲಿ ಒಂದು ನಾಣ್ಯದಷ್ಟು ಜಾಗಕ್ಕೆ ಹಚ್ಚಿ ತೊಳೆದು ಒಂದು ದಿನ ಬಿಡಿ. ಬೊಬ್ಬೆ, ಊತ, ತುರಿಕೆ ಏನೂ ಇಲ್ಲದಿದ್ದರೆ ಮುಂದುವರಿಯಿರಿ. ಮೆರವಣಿಗೆಯ ಬೆಳಿಗ್ಗೆ ಹೊಸ ಬಾಟಲಿ ತೆರೆಯುವುದು ದೊಡ್ಡ ತಪ್ಪು.

ಬಿಸಿಲು ಹದವಾಗಿರುವ, ಗಾಳಿ ಜೋರಿಲ್ಲದ ಹೊತ್ತು ನೋಡಿಕೊಳ್ಳಿ. ಸಂಜೆ ತೊಳೆದರೆ ಬಾಲದ ಬುಡ ರಾತ್ರಿಯೆಲ್ಲ ಒದ್ದೆಯಾಗಿ ಉಳಿಯುತ್ತದೆ. ನೆಲ ಜಾರಬಾರದು. ಕುದುರೆಯನ್ನು ಗಟ್ಟಿ ಗಂಟು ಹಾಕಿ ಕಟ್ಟಬೇಡಿ, ಒಂದು ಎಳೆತಕ್ಕೆ ಬಿಚ್ಚುವ ಗಂಟು ಇರಲಿ. ಇನ್ನೊಬ್ಬರು ತಲೆಯ ಹತ್ತಿರ, ನೀವಿರುವ ಬದಿಯಲ್ಲೇ ಹಗ್ಗ ಹಿಡಿದು ನಿಂತರೆ ಒಳ್ಳೆಯದು. ಕುದುರೆ ಬೆಚ್ಚಿದರೆ ತಲೆಯನ್ನು ಆ ಬದಿಗೆ ತಿರುಗಿಸುತ್ತಾರೆ, ಹಿಂಭಾಗ ನಿಮ್ಮಿಂದ ದೂರ ಸರಿಯುತ್ತದೆ. ನೀವು ನಿಲ್ಲಬೇಕಾದದ್ದು ಹಿಂಗಾಲಿನ ಪಕ್ಕದಲ್ಲಿ, ಮೈಗೆ ತಾಗಿಕೊಂಡು. ಒಂದು ಕೈ ಅದರ ಸೊಂಟದ ಮೇಲಿರಲಿ. ಬಾಲವನ್ನು ನಿಮ್ಮ ಕಡೆಗೆ ತಂದುಕೊಳ್ಳಿ. ನೇರ ಹಿಂದೆ ನಿಂತು ಬಾಲ ಎತ್ತುವುದು ಎಷ್ಟೇ ಸಾಧು ಕುದುರೆ ಆದರೂ ಬೇಡ.

ಮೊದಲು ಒಣ ಬಾಲದ ಸಿಕ್ಕು ಬಿಡಿಸಿ. ಬೆರಳಿನಲ್ಲೇ ಬಿಡಿಸುವುದು ಉತ್ತಮ. ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೇಲಿನಿಂದ ಬಾಚಣಿಗೆ ಎಳೆದರೆ ಸಿಕ್ಕೆಲ್ಲ ಕೆಳಗೆ ಸೇರಿ, ಕೊನೆಗೆ ಕೂದಲು ಕಿತ್ತುಬರುತ್ತದೆ. ಒದ್ದೆ ಕೂದಲು ಬೇಗ ಹಿಗ್ಗಿ ತುಂಡಾಗುತ್ತದೆ, ಅದಕ್ಕೇ ನೀರು ಹಾಕುವ ಮೊದಲೇ ಈ ಕೆಲಸ.

ನೀರು ಉಗುರುಬೆಚ್ಚಗಿರಲಿ. ನೇರ ಬಾಲಕ್ಕೆ ಸುರಿಯಬೇಡಿ. ಗೊರಸಿನಿಂದ ಶುರು ಮಾಡಿ ಕಾಲಿನ ಮೇಲೆ ಬರುತ್ತಾ ಕುದುರೆಗೆ ನೀರಿನ ಪರಿಚಯ ಮಾಡಿಸಿ. ಬಾಲದ ಉದ್ದ ಕೂದಲನ್ನು ಬಕೆಟ್ಟಿನಲ್ಲಿ ಅದ್ದಿ ನೆನೆಸುವುದು ಪೈಪಿನಲ್ಲಿ ಬಿಡುವುದಕ್ಕಿಂತ ಒಳ್ಳೆಯದು. ನೀರೂ ಉಳಿಯುತ್ತದೆ. ಬಕೆಟ್ಟನ್ನು ಕೈಯಲ್ಲೇ ಹಿಡಿದಿರಿ, ನೆಲದ ಮೇಲೆ ಕಾಲಿನ ಹತ್ತಿರ ಬಿಡಬೇಡಿ. ಅದರ ಹಿಡಿಕೆಗೆ ಗೊರಸು ಸಿಕ್ಕಿಕೊಂಡರೆ ಕುದುರೆ ಹೌಹಾರುತ್ತದೆ.

ಶಾಂಪೂವನ್ನು ನೀರಿನಲ್ಲಿ ಕಲಸಿ ಹಾಕಿ. ಎಳೆಗಳನ್ನು ಎರಡು ಅಂಗೈ ನಡುವೆ ಹಿಡಿದು ಮೆಲ್ಲಗೆ ಉಜ್ಜಿ. ಬಾಲದ ಮೂಳೆಯ ಮೇಲಿನ ಚರ್ಮವನ್ನು ಬೆರಳ ತುದಿಯಲ್ಲಿ ತಿಕ್ಕಿ, ಹೊಟ್ಟು ಕೂರುವುದು ಅಲ್ಲೇ. ಹಳೆಯ ಕಲೆ ಒಂದೇ ಸಲಕ್ಕೆ ಹೋಗುವುದಿಲ್ಲ. ಎರಡು ಸಲ ಶಾಂಪೂ ಹಾಕಿ, ಅಷ್ಟಕ್ಕೆ ನಿಲ್ಲಿಸಿ. ಉಳಿದದ್ದು ಮುಂದಿನ ವಾರಕ್ಕೆ. ಆಮೇಲೆ ಬೇಕಿದ್ದರೆ ನೇರಳೆ ಶಾಂಪೂ, ಕೊನೆಗೆ ಕಂಡಿಷನರ್. ಜೂಲು ತೊಳೆಯುವಾಗ ಕಿವಿಗೆ ನೀರು, ಕಣ್ಣಿಗೆ ನೊರೆ ಹೋಗದ ಹಾಗೆ ತಲೆಯ ಹತ್ತಿರ ಒದ್ದೆ ಬಟ್ಟೆಯಲ್ಲೇ ಒರೆಸಿ.

ಶಾಂಪೂ ಹಾಕಿದ್ದಕ್ಕಿಂತ ಎರಡು ಪಟ್ಟು ಹೊತ್ತು ನೀರಿನಲ್ಲಿ ಜಾಲಿಸಿ. ಚರ್ಮದ ಮೇಲೆ ಉಳಿದ ಶಾಂಪೂ ತುರಿಕೆ ತರುತ್ತದೆ, ಕುದುರೆ ಬಾಲವನ್ನು ಗೋಡೆಗೆ ಉಜ್ಜಿ ಉಜ್ಜಿ ಕೂದಲನ್ನೇ ಕಳೆದುಕೊಳ್ಳುತ್ತದೆ. ಗಡಸು ನೀರಿನ ಊರಾದರೆ ಕೊನೆಯ ಜಾಲಿಸುವಿಕೆಗೆ ಒಂದು ಬಕೆಟ್ ನೀರಿಗೆ ಒಂದು ಲೋಟ ಬಿಳಿ ವಿನೆಗರ್ ಬೆರೆಸಬಹುದು. ಸೋಪಿನ ಬೂದಿ ಪದರವನ್ನು ಅದು ಕರಗಿಸುತ್ತದೆ, ಎದ್ದ ಪದರಗಳನ್ನು ಕೂರಿಸುತ್ತದೆ. ಗಾಯ ಇದ್ದರೆ ಬೇಡ, ಉರಿಯುತ್ತದೆ. ಹಿಡಿದಿಟ್ಟ ಮಳೆನೀರು ಇದ್ದರೆ ಇನ್ನೂ ಒಳ್ಳೆಯದು. ಅದು ಗಡಸು ಇಲ್ಲದ ನೀರು.

ಒಣಗುವ ತನಕ ಕುದುರೆಯನ್ನು ಶುದ್ಧ ಜಾಗದಲ್ಲಿ ನಿಲ್ಲಿಸಿ. ಹೊಸದಾಗಿ ಸ್ನಾನ ಮಾಡಿದ ಕುದುರೆಗೆ ಮಣ್ಣು ಕಂಡರೆ ಹೊರಳುವ ಆಸೆ ಬರುತ್ತದೆ. ಮಳೆಗಾಲದಲ್ಲಿ ಮೈ ಪೂರ್ತಿ ತೊಳೆಯುವ ಗೋಜಿಗೆ ಹೋಗಬೇಡಿ. ಚರ್ಮ ಬಹಳ ಹೊತ್ತು ಒದ್ದೆಯಾಗಿದ್ದರೆ ಡರ್ಮಟೊಫಿಲಸ್ ಅನ್ನುವ ಬ್ಯಾಕ್ಟೀರಿಯಾ ಸೋಂಕು ತರುತ್ತದೆ, ಕೂದಲು ಕಂತೆ ಕಂತೆಯಾಗಿ ಹಕ್ಕಳೆಯೊಂದಿಗೆ ಉದುರುತ್ತದೆ. ಆ ದಿನಗಳಲ್ಲಿ ಬಾಲದ ಉದ್ದ ಕೂದಲು ಮಾತ್ರ ತೊಳೆದರೆ ಸಾಕು.

ಅಂಟುವಾಳ, ಸೀಗೆ, ನಿಂಬೆ

ಅಂಟುವಾಳದ ನೊರೆ ಸೌಮ್ಯವಾಗಿ ಕೊಳೆ ತೆಗೆಯುತ್ತದೆ. ಬಿಳಿ ಕೂದಲಿಗೆ ಬಳಸಬಹುದು. ಕಣ್ಣಿಗೆ ಹೋದರೆ ಮಾತ್ರ ಬಹಳ ಉರಿ, ಅದಕ್ಕೆ ಜೂಲಿಗಿಂತ ಬಾಲಕ್ಕೆ ಸರಿ. ಚೆನ್ನಾಗಿ ಸೋಸಿ ಹಾಕಿ.

ಸೀಗೆಪುಡಿ ನಮ್ಮ ಕಪ್ಪು ಕೂದಲಿಗೆ ಒಳ್ಳೆಯದು, ಬಿಳಿ ಬಾಲಕ್ಕಲ್ಲ. ಅದರದ್ದೇ ಕಂದು ಬಣ್ಣ ಇದೆ, ಜೊತೆಗೆ ಟ್ಯಾನಿನ್ ಅನ್ನುವ ಒಗರು ವಸ್ತು ಇದೆ. ಟ್ಯಾನಿನ್ ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ಕಬ್ಬಿಣ ಇರುವ ಬೋರ್‌ವೆಲ್ ನೀರಿನಲ್ಲಿ ಸೀಗೆ ಹಾಕಿ ತೊಳೆದರೆ ಬಾಲ ಬೂದು ಬಣ್ಣಕ್ಕೆ ತಿರುಗಬಹುದು.

ನಿಂಬೆರಸ ಹಚ್ಚಿ ಬಿಸಿಲಿಗೆ ನಿಲ್ಲಿಸಿ ಅನ್ನುವ ಸಲಹೆಯೂ ಓಡಾಡುತ್ತದೆ. ನಿಂಬೆ ಜಾತಿಯ ಹಣ್ಣುಗಳ ರಸ ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಮನುಷ್ಯರಿಗೇ ಸುಟ್ಟ ಬೊಬ್ಬೆ ಏಳುವುದುಂಟು. ಗುಲಾಬಿ ಚರ್ಮದ ಕುದುರೆಯ ಮೇಲೆ ಇಂಥ ಪ್ರಯೋಗ ಯಾಕೆ?

ಪೂಜೆಯ ದಿನದ ಅರಿಶಿನ, ಕುಂಕುಮ

ಆಯುಧಪೂಜೆಗೆ ಮೈಸೂರು ಅರಮನೆಯಲ್ಲಿ ಪಟ್ಟದ ಆನೆ, ಪಟ್ಟದ ಹಸುವಿನ ಜೊತೆ ಪಟ್ಟದ ಕುದುರೆಗೂ ಪೂಜೆ ಸಲ್ಲುತ್ತದೆ. ಊರುಗಳಲ್ಲೂ ಕುದುರೆ ಇರುವವರು ಅಂದು ಅದಕ್ಕೆ ಅರಿಶಿನ ಕುಂಕುಮ ಇಡುತ್ತಾರೆ. ಮರುದಿನ ಜೂಲಿನಲ್ಲಿ ಹಳದಿ, ಕೆಂಪು.

ಅರಿಶಿನದ ಬಣ್ಣ ಕುರ್ಕುಮಿನ್. ಅದಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದು ಇದೇ ಗುಣದಿಂದ. ಅದಕ್ಕೇ ಅರಿಶಿನದ ಕಲೆಗೆ ಬಟ್ಟೆ ಸೋಪು ಹಾಕಿ ಉಜ್ಜಿದರೆ ಕಲೆ ಇನ್ನೂ ಕೆಂಪಾಗಿ ಎದ್ದು ಕಾಣುತ್ತದೆ. ಕುರ್ಕುಮಿನ್ ನೀರಿನಲ್ಲಿ ಕರಗುವುದು ಕಷ್ಟ, ಎಣ್ಣೆಯಲ್ಲಿ ಕರಗುತ್ತದೆ. ಬಿಸಿಲಿಗೆ ತಾನಾಗಿ ಮಾಸುತ್ತದೆ. ಆದ್ದರಿಂದ ಕಲೆಯ ಮೇಲೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಐದು ನಿಮಿಷ ಬಿಟ್ಟು, ಸೌಮ್ಯ ಶಾಂಪೂವಿನಿಂದ ಎಣ್ಣೆ ಪೂರ್ತಿ ತೆಗೆಯಿರಿ. ಆಮೇಲೆ ಎಳೆ ಬಿಸಿಲಿಗೆ ಒಣಗಲಿ. ನಾಲ್ಕು ದಿನದಲ್ಲಿ ಉಳಿದದ್ದೂ ಮಾಸುತ್ತದೆ. ಅಂಗಡಿಯ ಕುಂಕುಮದಲ್ಲಿ ರಾಸಾಯನಿಕ ಬಣ್ಣ ಇದ್ದರೆ ಅದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಕುಂಕುಮವನ್ನು ಬೆನ್ನಿನ ಜೀನಿಗೋ (ತಡಿಗೋ) ಹಣೆಯ ಪಟ್ಟಿಗೋ ಇಟ್ಟರೂ ಪೂಜೆ ಸಲ್ಲುತ್ತದೆ.

ಮೆಹೆಂದಿ ಹಚ್ಚಿದ ಮೇಲೆ ವಾಪಸ್ ದಾರಿ ಇಲ್ಲ. ಅದರ ಬಣ್ಣ ಕೆರಾಟಿನ್‌ಗೆ ಅಂಟಿಕೊಂಡುಬಿಡುತ್ತದೆ, ಕೂದಲು ಬೆಳೆದು ಮುಂದೆ ಹೋಗುವ ತನಕ ಇರುತ್ತದೆ. ಕಪ್ಪು ಮೆಹೆಂದಿಯನ್ನಂತೂ ಮುಟ್ಟಬೇಡಿ. ಅದರಲ್ಲಿ ಸೇರಿಸುವ ಪಿಪಿಡಿ ಅನ್ನುವ ರಾಸಾಯನಿಕ ಚರ್ಮವನ್ನು ಸುಡಬಲ್ಲದು.

ತೊಳೆದದ್ದು ಉಳಿಯಬೇಕಾದರೆ

ಶಾಂಪೂವಿಗಿಂತ ದೊಡ್ಡ ಔಷಧ ಒಣ ಲಾಯ. ಬೆಳಿಗ್ಗೆ ಸಂಜೆ ಲದ್ದಿ, ಒದ್ದೆ ಹುಲ್ಲು ತೆಗೆದು, ಮೇಲೆ ಒಣ ಹುಲ್ಲನ್ನೋ ಮರದ ಹೊಟ್ಟನ್ನೋ ದಪ್ಪಗೆ ಹಾಸಿದರೆ ಕಲೆಯ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಕುದುರೆಯ ಶ್ವಾಸಕೋಶಕ್ಕೂ ಅದೇ ಹಿತ. ದಿನವೂ ಬಾಲದ ತುದಿಯನ್ನು ಸಾದಾ ನೀರಿನಲ್ಲಿ ಅದ್ದಿ ತೆಗೆದರೆ ಮೂತ್ರ ಒಣಗಿ ಕಂದಾಗಲು ಬಿಡುವುದಿಲ್ಲ.

ರಾತ್ರಿ ಹೊತ್ತು ಬಾಲವನ್ನು ಸಡಿಲವಾಗಿ ಜಡೆ ಹೆಣೆದು ಹತ್ತಿ ಬಟ್ಟೆಯ ಚೀಲದಲ್ಲಿ ಹಾಕಬಹುದು. ಕುದುರೆಯ ಬಾಲದ ಮೇಲ್ಭಾಗದಲ್ಲಿ ಸರಾಸರಿ 18 ಮೂಳೆಗಳಿವೆ, ರಕ್ತನಾಳ ಇದೆ. ಚೀಲದ ದಾರವನ್ನು ಈ ಮೂಳೆ ಮುಗಿದ ಮೇಲೆ, ಬರೀ ಕೂದಲಿನ ಭಾಗಕ್ಕೆ ಕಟ್ಟಬೇಕು. ಮೂಳೆಯ ಸುತ್ತ ಬಿಗಿದರೆ ರಕ್ತ ನಿಂತು ಬಾಲವೇ ಕೊಳೆಯುವ ಅಪಾಯ ಇದೆ. ಬೆಳಿಗ್ಗೆ ಮರೆಯದೆ ಬಿಚ್ಚಿ. ನೊಣ ಓಡಿಸಲು ಕುದುರೆಗೆ ಮುಖ್ಯವಾಗಿ ಬೇಕಾದದ್ದು ಆ ಬಾಲವೇ.

ಸಿಕ್ಕಾಗದಿರಲಿ ಅಂತ ಹೊಡೆಯುವ ಸಿಲಿಕೋನ್ ಸ್ಪ್ರೇ ಕೂದಲಿಗೆ ನುಣುಪು ಕೊಡುತ್ತದೆ, ಮಣ್ಣು ಕಡಿಮೆ ಅಂಟುತ್ತದೆ. ಅದು ಬೆನ್ನಿನ ಮೇಲೆ ಬೀಳದಿರಲಿ, ಜೀನು ಜಾರುತ್ತದೆ. ಮೆರವಣಿಗೆಗೆ ಎರಡು ತಾಸು ಇರುವಾಗ ಒಂದು ಹಟಮಾರಿ ಕಲೆ ಕಂಡರೆ ಮೆಕ್ಕೆಜೋಳದ ಗಂಜಿಪುಡಿ, ಅಂದರೆ ಕಾರ್ನ್‌ಫ್ಲೋರ್, ಸವರಿ ಕೊಡವಿ. ಅಂದಿನ ಮಟ್ಟಿಗೆ ಮುಚ್ಚುತ್ತದೆ. ಟಾಲ್ಕಮ್ ಪೌಡರ್ ಉಸಿರಿನ ಜೊತೆ ಒಳಗೆ ಹೋಗುತ್ತದೆ, ಅದು ಬೇಡ.

ಬಾಲ ಎತ್ತಿದಾಗ ನೋಡಬೇಕಾದದ್ದು

ಜೀನ್ ವಿಷಯಕ್ಕೆ ಮತ್ತೆ ಬರುತ್ತೇನೆ. ಕುದುರೆಯನ್ನು ಬಿಳಿ ಮಾಡುವ ಅದೇ ಬದಲಾವಣೆ ಮೆಲನೋಮಾ ಅನ್ನುವ ಚರ್ಮದ ಗಂಟುಗಳ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. 15 ವರ್ಷ ದಾಟಿದ ಗ್ರೇ ಕುದುರೆಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಇಂಥ ಗಂಟು ಇರುತ್ತದೆ. ಹೆಚ್ಚಾಗಿ ಬರುವುದು ಬಾಲದ ಕೆಳಗೆ, ಗುದದ ಸುತ್ತ. ಅಂದರೆ ನೀವು ತೊಳೆಯುವಾಗ ಕೈ ಹೋಗುವ ಜಾಗದಲ್ಲೇ. ಗಂಟು ಕಪ್ಪಾಗಿ, ಗಟ್ಟಿಯಾಗಿ, ಕಾಳಿನಷ್ಟು ಗಾತ್ರದಲ್ಲಿ ಶುರುವಾಗುತ್ತದೆ. ಬಹಳಷ್ಟು ಗಂಟುಗಳು ವರ್ಷಗಟ್ಟಲೆ ನಿಧಾನಕ್ಕೆ ಬೆಳೆಯುತ್ತವೆ. ಕೆಲವು ಕೆಟ್ಟ ರೂಪಕ್ಕೆ ತಿರುಗುತ್ತವೆ. ಚಿವುಟುವುದು, ದಾರ ಕಟ್ಟಿ ಬೀಳಿಸುವುದು ಮಾಡಬೇಡಿ.

ಬಾಲದ ಬುಡ ಬೋಳಾಗಿದ್ದರೆ, ಕುದುರೆ ಕಂಬಕ್ಕೆ ಉಜ್ಜುತ್ತಿದ್ದರೆ ಅದು ಶಾಂಪೂವಿನಿಂದ ಸರಿಹೋಗುವ ಸಮಸ್ಯೆ ಅಲ್ಲ. ಗುದದ ಹತ್ತಿರ ಮೊಟ್ಟೆ ಇಡುವ ಸೂಜಿಹುಳು, ಹೇನು, ಇಲ್ಲವೇ ಗುಂಗಾಡಿನ ಕಡಿತದ ಅಲರ್ಜಿ ಇರಬಹುದು. ಮೂತ್ರದ ಬಣ್ಣವನ್ನೂ ಗಮನಿಸಿ. ಗಾಳಿಗೆ ನಿಂತ ಮೇಲೆ ಕಂದಾದರೆ ಸಹಜ. ಹೊರಬರುವಾಗಲೇ ಕಾಫಿ ಬಣ್ಣ ಇದ್ದರೆ, ಅದೂ ದುಡಿದ ಮೇಲೆ ಕಾಲು ಸೆಟೆದುಕೊಂಡಿದ್ದರೆ, ಸ್ನಾಯು ಹಾಳಾಗುತ್ತಿರುವ ಸೂಚನೆ. ಒಂದು ಹೆಜ್ಜೆಯೂ ನಡೆಸದೆ ಪಶುವೈದ್ಯರನ್ನು ಕರೆಸಿ.

ಗಂಟಿನ ವಿಷಯಕ್ಕೆ ಅಷ್ಟು ಧಾವಂತ ಬೇಕಿಲ್ಲ, ಆದರೆ ಮರೆಯುವಂತೆಯೂ ಇಲ್ಲ. ಕಂಡ ದಿನವೇ ಪಕ್ಕದಲ್ಲಿ ಒಂದು ನಾಣ್ಯ ಹಿಡಿದು ಫೋಟೊ ತೆಗೆದು, ದಿನಾಂಕ ಬರೆದಿಟ್ಟುಕೊಳ್ಳಿ. ನಿಮ್ಮೂರಿನ ಪಶುವೈದ್ಯರಿಗೆ ತೋರಿಸಿ. ಬೆಂಗಳೂರಿನ ಸುತ್ತಲಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ತಿಂಗಳಿಗೊಮ್ಮೆ ಬಾಲ ತೊಳೆಯುವಾಗ ಅದೇ ನಾಣ್ಯ ಹಿಡಿದು ಇನ್ನೊಂದು ಫೋಟೊ ತೆಗೆಯಿರಿ. ಗಾತ್ರ ಬೆಳೆದಿದ್ದರೆ, ಒಡೆದು ಸೋರುತ್ತಿದ್ದರೆ, ಲದ್ದಿ ಹಾಕಲು ಕುದುರೆ ಕಷ್ಟಪಡುತ್ತಿದ್ದರೆ ಎರಡೂ ಫೋಟೊ ಹಿಡಿದು ವೈದ್ಯರ ಬಳಿ ಹೋಗಿ.